ಮಫ್ಲರಿನವರ ಚೌಕಶಿ

ಹೊಸ ಕಂಪ್ಯೂಟರುಗಳು ಬಂದಿವೆ. ಎಲ್ಲ ಒಂದೇ ಕಂಪನಿಯವು, ಒಂದೇ ಬಣ್ಣದವು. ಯಾವುದನ್ನು ಹಚ್ಚಿದರೂ ಒಂದೇ ಮುಖ. ಹಳೆಯವನ್ನು ಟೆಂಪೋದಲ್ಲಿ ಹೇರಿ ಕಳಿಸುವ ಮುಂಚೆ ಒಳಗಿರುವುದನ್ನೆಲ್ಲ ಅಳಿಸಬೇಕೆಂದು ನನಗೆ ಹೇಳಿದ್ದಾರೆ. ಉಳಿದದ್ದೆಲ್ಲ ಅಳಿಸಿದ್ದಾಯಿತು. ‘ಚೌಕಶಿ’ ಎಂಬ ಒಂದು ಚಿಕ್ಕ ಪ್ರೋಗ್ರಾಮು ಮಾತ್ರ ಉಳಿದಿದೆ. ಅದನ್ನು ಅಳಿಸುವುದೇನೂ ದೊಡ್ಡ ಕೆಲಸವಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಆದರೂ ಇವತ್ತು ಬೇಡ, ನಾಳೆ ನೋಡೋಣ ಎನ್ನುತ್ತ ಕೂತಿದ್ದೇನೆ. ಅದನ್ನು ಬರೆದವರು ಹೋದ ತಿಂಗಳು ತೀರಿಕೊಂಡರು.

ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದರೆ ‘ಸುಮ್ಮನ ಯಾಕ್ರಿ ಅಕ್ಕಾರ’ ಎಂದು ಮುಜುಗರಪಡುತ್ತಿದ್ದರು. ಮಿರಜದ ಒಂದು ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ನಾವಿಬ್ಬರೂ ಬಹಳ ವರ್ಷ ಎದುರುಬದುರು ಕೂತು ಕೆಲಸ ಮಾಡಿದೆವು. ಅವರು ಹುಟ್ಟಿದ್ದು ಮಿರಜದ ಹತ್ತಿರದ ಬೇಡಗ ಎಂಬ ಹಳ್ಳಿಯ ಒಕ್ಕಲುತನದ ಜೈನ ಮನೆಯಲ್ಲಿ, ಸಂಸಾರ ಹೂಡಿದ್ದು ಸಾಂಗಲಿಯಲ್ಲಿ. ದಿನಾ ಸಿಟಿ ಬಸ್ಸಿನಲ್ಲಿ ಬರುತ್ತಿದ್ದರು. ಹೊತ್ತು ಮುಳುಗುವುದರೊಳಗೆ ಉಣ್ಣಬೇಕೆಂದು ಸಂಜೆಯ ಡಬ್ಬಿಯನ್ನು ಕೋಣೆಯಲ್ಲೇ ಬಿಚ್ಚುತ್ತಿದ್ದರು. ನಾನು ಅಥಣಿ ಕಡೆಯವಳು. ಮದುವೆಯಾಗಿ ಮಿರಜಕ್ಕೆ ಬಂದವಳು. ನಮ್ಮವರದು ಮಾರ್ಕೆಟ್ಟಿನಲ್ಲಿ ಕಿರಾಣಿ ಅಂಗಡಿ. ಅವರನ್ನು ನಾನು ‘ಅಣ್ಣಾರ’ ಎನ್ನುತ್ತಿದ್ದೆ. ಅವರು ನನಗಿಂತ ಹಿರಿಯರಾದರೂ ‘ಅಕ್ಕಾರ’ ಎನ್ನುವುದನ್ನು ಬಿಡಲಿಲ್ಲ.

ಅವರನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಮಫ್ಲರು. ಕಂದು ಬಣ್ಣದ ಉಣ್ಣೆಯ ಮಫ್ಲರು, ಅಂಚು ಸವೆದು ನೂಲು ಜೋಲುತ್ತಿತ್ತು. ಚಳಿಗಾಲಕ್ಕಲ್ಲ, ವರ್ಷವಿಡೀ. ಮಿರಜದ ಏಪ್ರಿಲ್ ಬಿಸಿಲಿನಲ್ಲಿ ಊರೆಲ್ಲ ಬೆವರು ಒರೆಸಿಕೊಳ್ಳುತ್ತಿರುವಾಗ ಇವರು ಕುತ್ತಿಗೆಗೆ ಎರಡು ಸುತ್ತು ಉಣ್ಣೆ ಸುತ್ತಿಕೊಂಡು ಕೀಲಿಮಣೆ ಬಡಿಯುತ್ತಿದ್ದರು. ನಮ್ಮ ಕೋಣೆಯ ಎಸಿ ಹೆಸರಿಗಷ್ಟೇ ಇತ್ತು. ಒಂದೇ ಒಂದು ಫ್ಯಾನು, ಅದೂ ಅವರ ಕುರ್ಚಿಯ ನೆತ್ತಿಯ ಮೇಲೆ. ನನಗೆ ಸೆಕೆ ತಡೆಯುವುದಿಲ್ಲ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ನನ್ನ ಕೈ ಫ್ಯಾನಿನ ಗುಂಡಿಗೆ ಹೋಗುತ್ತಿತ್ತು, ರೆಗ್ಯುಲೇಟರು ಕೊನೆಯ ಅಂಕಿಗೆ. ಅವರು ಬಂದು ಅದರ ಕೆಳಗೆ ಕೂತು, ಕಾಗದಗಳು ಹಾರದಂತೆ ಅವುಗಳ ಮೇಲೆ ಹಳೆಯ ಮೌಸ್ ಇಟ್ಟು ಕೆಲಸ ಶುರು ಮಾಡುತ್ತಿದ್ದರು.

‘ಎಲ್ಲಾ ಮಷಿನ್ನಿನ ಥೀಮ್ ಬದಲಿ ಮಾಡ್ತೀರಿ, ನಿಮ್ಮ ಥೀಮ್ ಯಾವಾಗ ಬದಲಿ ಮಾಡೂದು?’ ಎಂದು ನಾನು ಮಫ್ಲರು ತೋರಿಸಿ ಚೇಷ್ಟೆ ಮಾಡುತ್ತಿದ್ದೆ. ಅವರು ಅದರ ತುದಿ ಎಳೆದುಕೊಂಡು ನಗುತ್ತಿದ್ದರು. ರೂಢಿಯಾಗಿದೆ ಎನ್ನುತ್ತಿದ್ದರು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಥೀಮಿನ ಸಂಗತಿ ಹೇಳದೆ ಅವರ ಸಂಗತಿ ಹೇಳಲಾಗುವುದಿಲ್ಲ. ನಮ್ಮ ಆಸ್ಪತ್ರೆಯ ಹಳೆಯ ಕಂಪ್ಯೂಟರುಗಳು ಒಂದೇ ಸಲ ಬಂದವಲ್ಲ. ಯಾರೋ ಪುಣ್ಯಾತ್ಮರು ದಾನ ಕೊಟ್ಟವು ಕೆಲವು, ಬೇರೆ ಕಚೇರಿಯವರು ಹೊರಗೆ ಹಾಕಿದವು ಕೆಲವು. ಎಲ್ಲದಕ್ಕೂ ಬಿಟ್ಟಿ ಸಿಗುವ ಲಿನಕ್ಸ್ ವ್ಯವಸ್ಥೆ ಹಾಕಿ ಬದುಕಿಸಿದ್ದು ಅವರೇ. ಆದರೆ ಲಿನಕ್ಸಿನಲ್ಲಿ ಪರದೆಯ ಮುಖ ಎಲ್ಲ ಕಡೆ ಒಂದೇ ಆಗಿರುವುದಿಲ್ಲ. ಒಂದು ಮಷಿನ್ನಿನಲ್ಲಿ ಗ್ನೋಮ್ ಎಂಬ ಡೆಸ್ಕ್‌ಟಾಪು, ಇನ್ನೊಂದರಲ್ಲಿ ಕೆಡಿಇ, ತೀರ ಮುದಿಯಾದವುಗಳಲ್ಲಿ ಹಗುರವಾದ ಎಕ್ಸ್‌ಎಫ್‌ಸಿಇ. ಪ್ರತಿಯೊಂದಕ್ಕೂ ಅದರದೇ ಬಣ್ಣ, ಅದರದೇ ಅಕ್ಷರ. ನಾವು ತೆರೆಯುವ ಅಪ್ಲಿಕೇಶನ್ನು ಆ ಡೆಸ್ಕ್‌ಟಾಪಿಗೆ ಹೊಂದುವ ಥೀಮು, ಅಂದರೆ ಬಣ್ಣ-ಅಕ್ಷರಗಳ ಉಡುಪು, ಹಾಕಿಕೊಳ್ಳಬೇಕು. ಹೊಂದದಿದ್ದರೆ ಕಪ್ಪು ನೆಲದ ಮೇಲೆ ಕಪ್ಪು ಅಕ್ಷರ, ಬಿಳಿ ನೆಲದ ಮೇಲೆ ಬಿಳಿ ಅಕ್ಷರ. ರೋಗಿಗಳ ಹೆಸರು ಬರೆದುಕೊಳ್ಳುವ ಕೇಸಪೇಪರ್ ಖಿಡಕಿಯಲ್ಲಿ ಕೂತವರಿಗೆ ಎದುರಿಗಿರುವ ರೋಗಿ ಕಾಣುತ್ತಾನೆ, ಪರದೆಯ ಮೇಲೆ ಅವನ ಹೆಸರು ಕಾಣುವುದಿಲ್ಲ.

ಇದಕ್ಕಾಗಿ ಅವರು ಬರೆದದ್ದು ಚೌಕಶಿ. ಆಸ್ಪತ್ರೆಯಲ್ಲಿ ಬಂದವರ ವಿಚಾರಣೆಗೆ ಕೂರುವ ಖಿಡಕಿಗೂ ಅದೇ ಹೆಸರು, ಅಲ್ಲಿಂದಲೇ ಎತ್ತಿಕೊಂಡರು. ಅಪ್ಲಿಕೇಶನ್ನು ತೆರೆಯುವ ಮುಂಚೆ ಚೌಕಶಿ ಮಷಿನ್ನನ್ನು ಕೇಳುತ್ತದೆ: ಈಗ ನಿನ್ನ ಮೇಲೆ ನಡೆದಿರುವುದು ಯಾವ ಡೆಸ್ಕ್‌ಟಾಪು? ಬಂದ ಉತ್ತರ ನೋಡಿ ಥೀಮು ಆರಿಸುತ್ತದೆ. ಅಷ್ಟೇ ಅದರ ಕೆಲಸ. ಇಷ್ಟು ಸಣ್ಣ ಕೆಲಸವನ್ನು ಅವರು ವರ್ಷಗಟ್ಟಲೆ ತಿದ್ದುತ್ತಲೇ ಇದ್ದರು.

ನನಗೆ ಅಷ್ಟು ತಾಳ್ಮೆ ಇಲ್ಲ. ಕೇಳುವ ಗೊಡವೆ ಯಾಕೆ, ಯಾವ ಡೆಸ್ಕ್‌ಟಾಪನ್ನು ಒಳಗೆ ಇಳಿಸಿದ್ದಾರೆ ಎಂದು ನೋಡಿದರೆ ತಿಳಿಯುವುದಿಲ್ಲವೇ ಎಂದು ಒಮ್ಮೆ ವಾದಿಸಿದೆ. ಒಂದೇ ಮಷಿನ್ನಿನಲ್ಲಿ ಎರಡು ಮೂರು ಇಳಿಸಿರುತ್ತಾರೆ ಎನ್ನುವುದು ನನಗೆ ಹೊಳೆದಿರಲಿಲ್ಲ.

‘ಟ್ರಂಕಿನ್ಯಾಗ ಇದ್ದಿದ್ದೆಲ್ಲಾ ಮೈಮ್ಯಾಲೆ ಇರಂಗಿಲ್ರಿ ಅಕ್ಕಾರ,’ ಎಂದರು. ‘ಇವತ್ತ ಏನ ಉಟ್ಟೈತಿ ಅನ್ನೂದು ಅದನ್ನ ಕೇಳಬೇಕ್ರಿ.’

ಮನುಷ್ಯರ ವಿಷಯದಲ್ಲೂ ಅವರದು ಇದೇ ಪದ್ಧತಿ. ಸೋಮವಾರ ರೋಗಿಗಳ ಗದ್ದಲ ಹೆಚ್ಚಾದಾಗ ನಮ್ಮಿಬ್ಬರನ್ನೂ ಕೇಸಪೇಪರ್ ಖಿಡಕಿಗೆ ಕರೆಯುತ್ತಿದ್ದರು. ರಾಯಬಾಗ, ಚಿಕ್ಕೋಡಿ, ಜಮಖಂಡಿ, ವಿಜಾಪುರ, ಎಲ್ಲ ಕಡೆಯಿಂದ ರೈಲಿಗೆ ಬಂದವರು. ಒಂದು ದಿನ ಕಚ್ಚೆ ಸೀರೆ ಉಟ್ಟು, ಹಣೆತುಂಬ ಕುಂಕುಮ ಇಟ್ಟ ಅಜ್ಜಿಯೊಬ್ಬಳಿಗೆ ನಾನು ಮರಾಠಿಯಲ್ಲಿ ದಾರಿ ಹೇಳಿದೆ. ಆಕೆ ಎಲ್ಲದಕ್ಕೂ ತಲೆಯಾಡಿಸಿ ಹೋದಳು. ಮಧ್ಯಾಹ್ನ ನೋಡಿದರೆ ಎಕ್ಸ್‌ರೇ ಕೋಣೆಯ ಮುಂದೆ ಚೀಟಿ ಹಿಡಿದುಕೊಂಡು ಇನ್ನೂ ಕೂತಿದ್ದಾಳೆ. ಹೋಗಬೇಕಾಗಿದ್ದದ್ದು ಕಣ್ಣಿನ ವಿಭಾಗಕ್ಕೆ. ಮರಾಠಿಯ ಒಂದು ಅಕ್ಷರವೂ ಆಕೆಗೆ ಬರುತ್ತಿರಲಿಲ್ಲ. ದೊಡ್ಡ ಆಸ್ಪತ್ರೆಯವರು ಮಾತಾಡುವಾಗ ತಲೆಯಾಡಿಸಬೇಕು ಎಂದಷ್ಟೇ ಗೊತ್ತಿತ್ತು. ಅಣ್ಣಾರು ಆಕೆಯನ್ನು ಕೈಹಿಡಿದು ಕಣ್ಣಿನ ಡಾಕ್ಟರ ಹತ್ತಿರ ಬಿಟ್ಟು ಬಂದರು. ಸೀರೆ ನೋಡಿ ಭಾಷೆ ತೀರ್ಮಾನಿಸಬೇಡಿ, ಅವರು ಬಾಯಿ ತೆರೆಯುವ ತನಕ ತಡೆಯಿರಿ ಎಂದು ನನಗೆ ಹೇಳಿದರು.

ಅವರು ಹಾಗೇ ತಡೆಯುತ್ತಿದ್ದರು. ಖಿಡಕಿಗೆ ಬಂದವರಿಗೆ ಮೊದಲು ಒಂದು ಮಾತೂ ಆಡುವುದಿಲ್ಲ. ಕತ್ತು ಮುಂದೆ ಮಾಡಿ ಹುಬ್ಬು ಎತ್ತಿ ಸುಮ್ಮನೆ ಕೂರುವುದು. ಬಂದವರು ‘ರಾಮ್ ರಾಮ್’ ಎಂದರೆ ಮರಾಠಿ, ‘ಶರಣ್ರಿ’ ಎಂದರೆ ಕನ್ನಡ, ‘ಸಲಾಮ್’ ಎಂದರೆ ಉರ್ದು. ಕನ್ನಡದಲ್ಲೂ ಜತ್ತದವರಿಗೆ ಜತ್ತದ ಕನ್ನಡ, ವಿಜಾಪುರದವರಿಗೆ ವಿಜಾಪುರದ್ದು. ಬಂದವರೆಲ್ಲ ‘ಈ ಸಾಹೇಬ್ರು ನಮ್ಮವರೇ’ ಎಂದುಕೊಂಡು ಹೋಗುತ್ತಿದ್ದರು. ನಿಜವಾಗಿ ಯಾರವರು ಎಂದು ಯಾರೂ ಕೇಳಲಿಲ್ಲ. ಕೇಳುವ ಪ್ರಮೇಯವೇ ಬರುತ್ತಿರಲಿಲ್ಲ.

ಒಮ್ಮೆ ಮಾತ್ರ ಅವರ ಬಾಯಿಂದ ತಮ್ಮ ಬಗ್ಗೆ ಮಾತು ಬಂತು. ಒಂದು ಮಷಿನ್ನು ಚೌಕಶಿಗೆ ಎರಡು ಹೆಸರು ಹೇಳಿತು. ಮೊದಲು ಉಬುಂಟು ಎಂಬ ಲಿನಕ್ಸಿನ ಹೆಸರು, ಪಕ್ಕದಲ್ಲಿ ಗ್ನೋಮ್. ಇದೇನು ಫಜೀತಿ, ಒಂದಕ್ಕೆ ಎರಡು ಹೆಸರೇ ಎಂದು ನಾನು ರೇಗಿದೆ.

‘ಇದರಾಗೇನ್ ಹೊಸಾದ ಐತ್ರಿ?’ ಎಂದರು. ‘ನಾವೂ ಹಂಗ ಅದೇವಿ. ಪ್ಯಾಟ್ಯಾಗ ಒಂದ, ಮನ್ಯಾಗ ಒಂದ.’

ನಿಮ್ಮ ಎರಡು ಭಾಷೆಯಲ್ಲಿ ಯಾವುದು ಮೊದಲು ಎಂದು ಕೇಳಬಹುದಿತ್ತು. ಅಷ್ಟರಲ್ಲಿ ಫೋನು ಬಂತು, ಅವರು ಲ್ಯಾಬಿಗೆ ಎದ್ದುಹೋದರು.

ಇಂಥವರ ಜೊತೆ ಕೆಲಸ ಮಾಡಿದವರಿಗೆ ಗೊತ್ತು, ಒಳ್ಳೆಯವರೇ ಹೌದು, ಆದರೆ ಒಮ್ಮೊಮ್ಮೆ ತಲೆಕೆಡುತ್ತದೆ. ಅವರ ಬಾಯಲ್ಲಿ ‘ಬೇಡ’ ಎನ್ನುವ ಶಬ್ದವೇ ಇರಲಿಲ್ಲ. ಕನ್ನಡದವರಿಗೆ ‘ನಡೀತೈತ್ರಿ’, ಮರಾಠಿಯವರಿಗೆ ‘ಚಾಲೇಲ್’. ಎರಡರ ಅರ್ಥವೂ ಒಂದೇ, ಏನಾದರೂ ಆದೀತು. ಯಾರದೋ ಹುಟ್ಟುಹಬ್ಬಕ್ಕೆ ಬಟಾಟೆ ವಡೆ ತಂದರೆ, ನೆಲದೊಳಗೆ ಬೆಳೆದದ್ದನ್ನು ತಿನ್ನದ ಮನುಷ್ಯ ‘ಚಾಲೇಲ್’ ಎಂದು ತೆಗೆದುಕೊಂಡು, ಕಾಗದದಲ್ಲಿ ಸುತ್ತಿ, ಗೇಟಿನ ವಾಚ್‌ಮನ್ನನಿಗೆ ಕೊಟ್ಟು ಬರುತ್ತಿದ್ದರು. ಬೇಡ ಎಂದರೆ ತಂದವರ ಮುಖ ಸಣ್ಣದಾಗುತ್ತದಂತೆ. ಕ್ಯಾಂಟೀನಿನ ಚಹಾ ಪಾಕದಂತೆ ಸಿಹಿಯಾಗಿದ್ದರೂ ನಡೀತೈತ್ರಿ, ನನ್ನ ಸಕ್ಕರೆ ಇಲ್ಲದ ಚಹಾ ತಪ್ಪಿ ಅವರ ಮುಂದೆ ಇಟ್ಟರೂ ನಡೀತೈತ್ರಿ. ಅವರ ಸ್ವಂತ ಕಂಪ್ಯೂಟರಿನಲ್ಲೂ ಯಾವ ಡೆಸ್ಕ್‌ಟಾಪು ಎನ್ನುವುದು ಗೊತ್ತಾಗುತ್ತಿರಲಿಲ್ಲ. ಯಾರ ದೂರು ಬಂದಿದೆಯೋ ಅವರ ಪರದೆಯ ಮುಖವನ್ನೇ ಆ ವಾರ ತಮ್ಮ ಪರದೆಗೂ ಹಾಕಿಕೊಂಡು ಕೂರುತ್ತಿದ್ದರು. ನಿಮಗೆ ಯಾವುದು ಸೇರುತ್ತದೆ ಎಂದು ಕೇಳಿದ್ದೇನೆ. ‘ನಂದೇನ್ರಿ’ ಎಂದು ನಕ್ಕಿದ್ದಾರೆ.

ಲ್ಯಾಬಿನ ಪ್ರಸಂಗವೊಂದನ್ನು ಹೇಳಬೇಕು. ಅಲ್ಲಿಯ ಮಷಿನ್ನಿಗೆ ಹೊಸ ಆವೃತ್ತಿ ಹಾಕಿದ ಮರುದಿನ ರಕ್ತಪರೀಕ್ಷೆಯ ರಿಪೋರ್ಟು ತೆರೆದರೆ ಬರೀ ಖಾಲಿ ಚೌಕಗಳು. ಬಿಳಿಯ ಮೇಲೆ ಬಿಳಿ ಅಕ್ಷರ. ಚೌಕಶಿ ಕೇಳಿದ್ದಕ್ಕೆ ಮಷಿನ್ನು ಏನೂ ಹೇಳಿರಲಿಲ್ಲ. ‘ಕಾಹೀಚ್ ಪ್ರತಿಸಾದ ನಾಹೀ,’ ಎಂದಳು ಲ್ಯಾಬಿನ ಹುಡುಗಿ. ಏನೂ ಉತ್ತರ ಕೊಡುತ್ತಿಲ್ಲ, ಇದರ ಕತೆ ಮುಗಿದಿದೆ, ಎತ್ತಿಕೊಂಡು ಹೋಗಿ ಎಂದಳು. ನನಗೂ ಹಾಗೇ ಅನ್ನಿಸಿತ್ತು. ಅಣ್ಣಾರು ಡಬ್ಬಿ ಬಿಚ್ಚುವುದನ್ನೂ ಮರೆತು ಇಡೀ ಮಧ್ಯಾಹ್ನ ಅದರ ಮುಂದೆ ಕೂತರು. ಕೊನೆಗೆ ತಿಳಿದದ್ದಿಷ್ಟು. ಹಳೆಯ ಆವೃತ್ತಿಯಲ್ಲಿ ಡೆಸ್ಕ್‌ಟಾಪಿನ ಹೆಸರನ್ನು ಬರೆದಿಡುವ ಜಾಗ ಒಂದಿತ್ತು, ಹೊಸದರಲ್ಲಿ ಅದು ಬೇರೆಯಾಗಿತ್ತು. ಚೌಕಶಿ ಹಳೆಯ ಜಾಗದಲ್ಲೇ ಹುಡುಕುತ್ತಿತ್ತು. ಅಲ್ಲಿ ಏನೂ ಇರಲಿಲ್ಲ, ಆದ್ದರಿಂದ ಮೌನ.

‘ಸುಮ್ಮನ ಐತಿ ಅಂದ್ರ ಅದಕ್ಕ ಗೊತ್ತಿಲ್ಲ ಅಂತಲ್ರಿ,’ ಎಂದರು. ‘ನಾವ ಕೇಳೂ ಜಾಗಾನ ಬ್ಯಾರೆ.’

ಆವತ್ತು ಚೌಕಶಿಗೆ ಅವರು ಹೊಸದೊಂದು ಕಲಿಸಿದರು. ಒಂದು ಕಡೆ ಉತ್ತರ ಸಿಗದಿದ್ದರೆ ಇನ್ನೊಂದು ಕಡೆ ಕೇಳು, ಅಲ್ಲೂ ಇಲ್ಲದಿದ್ದರೆ ಮತ್ತೊಂದು ಕಡೆ. ಎಲ್ಲೂ ಸಿಗದೇ ಹೋದರೆ ಊಹೆ ಮಾಡಬೇಡ, ಎಲ್ಲರೂ ಓದಬಹುದಾದ ಸಾದಾ ಕಪ್ಪು-ಬಿಳಿ ಹಾಕು. ಇಷ್ಟು ಮಾಡಿ, ಮಫ್ಲರು ಸರಿಮಾಡಿಕೊಂಡು, ತಣ್ಣಗಾದ ರೊಟ್ಟಿ ತಿಂದರು.

ಹೋದ ವರ್ಷ ಬೇಸಿಗೆಯಲ್ಲಿ, ನಿವೃತ್ತಿಗೆ ಇನ್ನೇನು ಸ್ವಲ್ಪ ದಿನ ಇರುವಾಗ, ಬಸ್ ಸ್ಟ್ಯಾಂಡಿನಲ್ಲಿ ಕುಸಿದುಬಿದ್ದರು. ಲಕ್ವಾ ಹೊಡೆದು ಬಲಗೈ ಬಲಗಾಲು ಬಿದ್ದುಹೋದವು, ಮಾತು ನಿಂತಿತು. ನಮ್ಮ ಆಸ್ಪತ್ರೆಗೇ ತಂದರು. ಜೀವಕ್ಕೆ ಭಯವಿಲ್ಲ ಎಂದು ಆದಮೇಲೆ ವಾರ್ಡಿಗೆ ಬದಲಿಸಿದರು. ನಾನು ದಿನಾ ಮಧ್ಯಾಹ್ನ ಹೋಗಿ ಬರುತ್ತಿದ್ದೆ. ಅವರ ಹೆಂಡತಿ ಸಾತಾರಾ ಕಡೆಯವರು, ನಾನು ವಹಿನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ಮಗಳು ಸಾಂಗಲಿಯ ಕಾಲೇಜಿನಲ್ಲಿ ಓದುತ್ತಿದ್ದಳು. ಇಬ್ಬರೂ ಮಂಚದ ಎರಡು ಬದಿಗೆ ಕೂತಿರುತ್ತಿದ್ದರು. ನಡುವೆ ಇವರು, ಗಲ್ಲದ ತನಕ ಚಾದರು, ಮೇಲೆ ಭರ್ರೆಂದು ತಿರುಗುವ ಫ್ಯಾನು.

ನಮ್ಮ ಕಡೆ ಒಂದು ರಿವಾಜಿದೆ. ಕೂತವರಲ್ಲಿ ಒಬ್ಬರಿಗೆ ಕನ್ನಡ ಬರುವುದಿಲ್ಲವೆಂದರೂ ಸಾಕು, ಎಲ್ಲರೂ ಕನ್ನಡ ಮಡಚಿಟ್ಟು ಮರಾಠಿಗೆ ಹೊರಳುತ್ತೇವೆ. ಅವರೆದುರು ಅವರಿಗೆ ತಿಳಿಯದ ಮಾತಾಡುವುದು ಮರ್ಯಾದೆಯಲ್ಲ. ವಹಿನಿಗೆ ಕನ್ನಡ ಬಾರದು. ಆದ್ದರಿಂದ ನಾನೂ ‘ಕಸಂ ವಾಟತಂಯ?’ ಎಂದು, ಹೇಗನ್ನಿಸುತ್ತಿದೆ ಎಂದು ಮರಾಠಿಯಲ್ಲೇ ಕೇಳುತ್ತಿದ್ದೆ. ಜತ್ತದ ಕಡೆಯ ಆಯಾ ಕೂಡ, ಮನೆಯಲ್ಲಿ ಶುದ್ಧ ಕನ್ನಡದವಳು, ಆ ಮಂಚದ ಹತ್ತಿರ ಮರಾಠಿಯಲ್ಲೇ ಮಾತಾಡುತ್ತಿದ್ದಳು. ಅವರು ಯಾರಿಗೂ ಏನೂ ಹೇಳುತ್ತಿರಲಿಲ್ಲ. ಛಾವಣಿ ನೋಡುತ್ತ ಮಲಗಿರುತ್ತಿದ್ದರು.

ಮಾತಿನ ತರಬೇತಿ ಕೊಡಲು ಪುಣೆಯಿಂದ ಬಂದ ಒಬ್ಬ ಹುಡುಗಿ ಇದ್ದಳು. ಪಾಪ, ಬಹಳ ಶ್ರದ್ಧೆಯವಳು. ಚಿತ್ರದ ಕಾರ್ಡುಗಳನ್ನು ತೋರಿಸಿ ಬಾಳೆಹಣ್ಣು ಯಾವುದು, ಗಡಿಯಾರ ಯಾವುದು ಎಂದು ದಿನವೂ ಕೇಳುತ್ತಿದ್ದಳು. ಕಣ್ಣು ಮುಚ್ಚಿ, ಕೈ ಎತ್ತಿ ಎನ್ನುತ್ತಿದ್ದಳು. ಅವರು ಆಕೆಯ ಮುಖವನ್ನೇ ನೋಡುತ್ತಿದ್ದರು. ಒಂದು ಮಧ್ಯಾಹ್ನ ನಾನಿರುವಾಗಲೇ ಆಕೆ ಕಾರ್ಡು ಜೋಡಿಸಿ ಎದ್ದು, ವಹಿನಿಯ ಹತ್ತಿರ ಮೆಲ್ಲಗೆ ಮಾತಾಡಿದಳು. ಮೆದುಳಿನಲ್ಲಿ ಹೇಳಿದ್ದು ತಿಳಿಯುವ ಭಾಗವೇ ಹೋಗಿರಬೇಕು, ತಿಳಿಯದವರಿಗೆ ತರಬೇತಿ ಕೊಟ್ಟು ಪ್ರಯೋಜನವಿಲ್ಲ, ನಾಳೆ ಮನೆಗೆ ಕರೆದುಕೊಂಡು ಹೋಗಿ ಚೆನ್ನಾಗಿ ನೋಡಿಕೊಳ್ಳಿ ಎಂದಳು. ಕೊನೆಗೆ ಒಂದು ಮಾತು ಸೇರಿಸಿದಳು: ‘ಕಾಹೀಚ್ ಪ್ರತಿಸಾದ ನಾಹೀ.’

ವಹಿನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನಗೆ ಆ ಮಾತು ಎಲ್ಲಿ ಕೇಳಿದ್ದೇನೆ ಎಂದು ನೆನಪಾಗಲು ಹೊತ್ತು ಹಿಡಿಯಲಿಲ್ಲ. ಇಷ್ಟು ದಿನ ಯಾವ ಭಾಷೆಯಲ್ಲಿ ಕೇಳಿದಿರಿ ಎಂದು ಆಕೆಯನ್ನು ಕೇಳಿದೆ. ಮರಾಠಿಯಲ್ಲಿ, ಒಂದೆರಡು ಸಲ ಹಿಂದಿಯಲ್ಲಿ ಎಂದಳು. ಕನ್ನಡದಲ್ಲಿ ಕೇಳಿ ನೋಡಲೇ ಎಂದೆ. ವಹಿನಿ, ನಮ್ಮ ಮನೆಯಲ್ಲಿ ಮರಾಠಿಯೇ ಇರುವುದು, ಕನ್ನಡ ಇವರು ಆಡುತ್ತಿದ್ದದ್ದು ಆಸ್ಪತ್ರೆಗೆ ಬಂದವರ ಜೊತೆ ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಮಗಳು ಮಾತ್ರ ತಲೆ ಎತ್ತಿ, ಆಜೀ, ಅಪ್ಪನ ತಾಯಿ, ಇರುವ ತನಕ ಅಪ್ಪ ಆಕೆಯ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದ ಎಂದಳು. ಆಜೀ ತೀರಿಕೊಂಡು ಎಷ್ಟೋ ವರ್ಷವಾಗಿತ್ತು.

ನಾನು ವಹಿನಿಯ ಮುಖ ನೋಡಿದೆ. ಅವರು ತಲೆಯಾಡಿಸಿದ ಮೇಲೆ ಮಂಚದ ಹತ್ತಿರ ಬಗ್ಗಿದೆ.

‘ಅಣ್ಣಾರ, ಕಣ್ಣ ಮುಚ್ಚರಿ.’

ಅವರು ನನ್ನ ಕಡೆ ಹೊರಳಿ ನೋಡಿದರು. ಆಮೇಲೆ ಕಣ್ಣು ಮುಚ್ಚಿದರು.

ತೆರೆಯಿರಿ ಎಂದೆ, ತೆರೆದರು. ಎಡಗೈ ಎತ್ತಿರಿ ಎಂದೆ. ಕೈ ಚಾದರಿನ ಒಳಗಿನಿಂದ ತಡವರಿಸುತ್ತ ಹೊರಬಂದು ಮೇಲೆದ್ದಿತು. ಪುಣೆಯ ಹುಡುಗಿ ಚೀಲಕ್ಕೆ ಹಾಕಿದ್ದ ಕಾರ್ಡುಗಳನ್ನು ಮತ್ತೆ ಹೊರಗೆ ತೆಗೆದಳು. ಬಾಳೆಹಣ್ಣು ಎಂದಾಗ ಬಾಳೆಹಣ್ಣನ್ನೇ ಮುಟ್ಟಿದರು. ಗಡಿಯಾರ ಎಂದಾಗ ತಡೆದು, ಯೋಚಿಸಿ, ಗಡಿಯಾರ ಮುಟ್ಟಿದರು. ನನ್ನ ಕಣ್ಣಲ್ಲಿ ನೀರು ತುಂಬಿ ಕಾರ್ಡುಗಳೇ ಕಾಣದಾದವು.

ವಹಿನಿ ಅಳಲಿಲ್ಲ. ಹಾಗಾದರೆ ಇಷ್ಟು ವರ್ಷ ನನ್ನ ಜೊತೆ, ಎಂದು ಮರಾಠಿಯಲ್ಲಿ ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದರು. ಅವರು ಎಲ್ಲರ ಜೊತೆಗೂ ಹಾಗೇ ಇದ್ದರು ಎಂದಷ್ಟೇ ಹೇಳಿದೆ. ಅದರಿಂದ ಆ ಹೆಣ್ಣುಮಗಳಿಗೆ ಯಾವ ಸಮಾಧಾನ ಆಗಬೇಕು.

ಆಗ ಮಗಳು ತಂದೆಯ ಎಡಗೈ ಹಿಡಿದುಕೊಂಡಳು. ಕನ್ನಡ ಆಕೆಗೆ ತಿಳಿಯುತ್ತಿತ್ತು, ಆಡಿ ರೂಢಿಯಿರಲಿಲ್ಲ. ಶಬ್ದ ಹುಡುಕಿ ಹುಡುಕಿ ಕೇಳಿದಳು.

‘ಅಪ್ಪಾ... ನಿಂಗ ಏನ ಬೇಕ?’

ನಾವು ತಡೆದೆವು. ಅವರೇ ಕಲಿಸಿದ ಹಾಗೆ, ಬಾಯಿ ತೆರೆಯುವ ತನಕ ಸುಮ್ಮನೆ ತಡೆದೆವು. ತುಟಿ ಒಂದು ಬದಿಗೆ ಎಳೆದುಕೊಂಡಿತು, ಗಂಟಲಿನಲ್ಲಿ ಏನೋ ಗೊರಗುಟ್ಟಿತು. ಕಣ್ಣು ಛಾವಣಿಗೆ ಹೋಗಿ ಅಲ್ಲೇ ನಿಂತಿತು. ದಿನವೂ ಅವರು ಅಲ್ಲೇ ನೋಡುತ್ತಿದ್ದದ್ದು.

‘ಫ್ಯಾನ... ಬ್ಯಾಡ,’ ಎಂದರು. ಮತ್ತೆ ಬಹಳ ಹೊತ್ತಿನ ಮೇಲೆ, ‘ಚಳಿ.’

ಎದ್ದು ಗುಂಡಿ ಒತ್ತಿದವರು ವಹಿನಿ. ಅಷ್ಟು ಕನ್ನಡ ಅವರಿಗೂ ತಿಳಿದಿತ್ತು. ಫ್ಯಾನು ಮೆಲ್ಲಗಾಗಿ ನಿಂತಿತು. ವಾರ್ಡಿನಲ್ಲಿ ಮೊದಲ ಸಲ ಸದ್ದಿಲ್ಲದಂತಾಯಿತು. ಮನೆಯಲ್ಲೂ ಫ್ಯಾನಿನ ಕೆಳಗೆ ಹನ್ನೆರಡು ತಿಂಗಳು ಕಂಬಳಿ ಹೊದ್ದು ಮಲಗುತ್ತಾರೆ, ಅದು ಇವರ ಸ್ವಭಾವ ಎಂದುಕೊಂಡಿದ್ದೆ ಎಂದು ವಹಿನಿ ಹೇಳಿದರು. ಮಫ್ಲರಿನ ಮಾತು ನಾನು ಎತ್ತಲಿಲ್ಲ. ಅದು ಅಲ್ಲೇ ಮಂಚದ ಪಕ್ಕದ ಪೆಟ್ಟಿಗೆಯ ಮೇಲೆ ಮಡಿಸಿ ಇಟ್ಟಿತ್ತು, ಇಬ್ಬರೂ ಅದನ್ನೇ ನೋಡುತ್ತ ನಿಂತೆವು.

ಆಮೇಲೆ ತರಬೇತಿ ಕನ್ನಡದಲ್ಲಿ ನಡೆಯಿತು. ಪುಣೆಯ ಹುಡುಗಿ ನನ್ನಿಂದ ಕಾರ್ಡುಗಳ ಹಿಂದೆ ಕನ್ನಡದ ಹೆಸರುಗಳನ್ನು ಬರೆಸಿಕೊಂಡಳು. ಅವನ್ನು ಹಿಡಿದುಕೊಂಡು ಮಗಳು ಮನೆಯಲ್ಲಿ ದಿನಾ ಪಾಠ ಮಾಡಿದಳು. ತಂದೆಗೆ ಕಲಿಸುತ್ತ ತಾನೂ ಕ್ರಮೇಣ ಕಲಿತಳು, ಪಕ್ಕದಲ್ಲಿ ಕೂತ ವಹಿನಿಯೂ ಕಲಿತರು. ಮಾತು ಪೂರ್ತಿ ಬರಲಿಲ್ಲ, ಒಂದೊಂದೇ ಶಬ್ದ ಬಂತು. ನೀರು, ರೊಟ್ಟಿ, ಸಾಕು, ಬೇಡ. ಬೇಡ ಎನ್ನುವುದನ್ನು ಬಹಳ ಆಡುತ್ತಿದ್ದರಂತೆ. ಚಹಾದಲ್ಲಿ ಸಕ್ಕರೆ ಬೇಡ, ದಿಂಬು ಎತ್ತರ ಬೇಡ, ಟಿವಿ ಬೇಡ. ಇಡೀ ಜನ್ಮದ ಬಾಕಿಯನ್ನು ಈಗ ತೀರಿಸುತ್ತಿದ್ದಾರೆ ಎಂದು ವಹಿನಿ ಫೋನಿನಲ್ಲಿ ನಗುತ್ತಿದ್ದರು. ಚಳಿಗಾಲದ ಹೊತ್ತಿಗೆ ಮರಾಠಿಯೂ ಅಲ್ಲೊಂದು ಇಲ್ಲೊಂದು ಹಿಂದಿರುಗತೊಡಗಿತು. ಮೊದಲು ಬಂದ ಮರಾಠಿ ಶಬ್ದ ‘ಚಾಲೇಲ್’. ಊಟಕ್ಕೆ ಏನು ಮಾಡಲಿ ಎಂದು ಕೇಳಿದ್ದಕ್ಕೆ ಹಾಗೆ ಅಂದರಂತೆ. ಆ ಉತ್ತರ ಈ ಮನೆಯಲ್ಲಿ ಇನ್ನು ಮುಂದೆ ನಡೆಯುವುದಿಲ್ಲ ಎಂದು ವಹಿನಿ ಗದರಿಸಿ, ಬೇಕಾದದ್ದರ ಹೆಸರು ಹೇಳುವ ತನಕ ಒಲೆ ಹೊತ್ತಿಸಲಿಲ್ಲವಂತೆ.

ಈಗ ಬಂದಿರುವ ಹೊಸ ಮಷಿನ್ನುಗಳನ್ನು ಏನೂ ಕೇಳಬೇಕಾಗಿಲ್ಲ, ಅವೂ ನಮ್ಮನ್ನು ಏನೂ ಕೇಳುವುದಿಲ್ಲ. ಎಲ್ಲವೂ ಒಂದೇ ಥೀಮಿನಲ್ಲಿ ಹುಟ್ಟಿ ಬಂದಿವೆ. ನಾಳೆ ಟೆಂಪೋ ಬರುತ್ತದೆ, ಇವತ್ತು ಚೌಕಶಿಯನ್ನು ಅಳಿಸಲೇಬೇಕು. ಅದಕ್ಕೆ ಮುಂಚೆ ಇಷ್ಟು ಬರೆಯೋಣವೆಂದು ಕೂತೆ.

ತೀರಿಕೊಳ್ಳುವುದಕ್ಕೆ ಸ್ವಲ್ಪ ಮುಂಚೆ ಅವರು ತಪಾಸಣೆಗೆಂದು ಆಸ್ಪತ್ರೆಗೆ ಬಂದಿದ್ದರು. ಮಗಳು ಗಾಲಿಕುರ್ಚಿಯನ್ನು ನಮ್ಮ ಕೋಣೆಯ ತನಕ ನೂಕಿಕೊಂಡು ಬಂದಳು. ಮಫ್ಲರು ಕುತ್ತಿಗೆಗೆ ಎರಡು ಸುತ್ತು ಹಾಗೇ ಇತ್ತು. ಗಾಲಿಯ ಸದ್ದು ಕೇಳಿದ ಕೂಡಲೇ ನಾನು ಎದ್ದು ಹೋಗಿ ಫ್ಯಾನು ಆರಿಸಿದ್ದೆ. ಮಗಳು ಅವರನ್ನು ಹಳೆಯ ಜಾಗದಲ್ಲೇ ನಿಲ್ಲಿಸಿದಳು. ಅವರು ಮೇಜು ನೋಡಿದರು, ಮಷಿನ್ನು ನೋಡಿದರು, ಕಾಗದದ ಮೇಲೆ ಕೂತಿದ್ದ ಹಳೆಯ ಮೌಸ್ ನೋಡಿದರು. ಆಮೇಲೆ ಕತ್ತೆತ್ತಿ, ನಿಂತಿದ್ದ ಫ್ಯಾನನ್ನು ನೋಡಿ, ನನ್ನನ್ನು ನೋಡಿದರು. ಆ ಕೋಣೆಯಲ್ಲಿ ಅವರನ್ನು ಮೊದಲ ಸಲ ಕೇಳಿದೆ, ಚಳಿ ಆಗುತ್ತದೆಯೇ ಎಂದು. ಅವರು ಎಡಗೈಯಿಂದ ಒಂದು ಸುತ್ತು ಬಿಚ್ಚಿದರು, ತಡೆದು ಇನ್ನೊಂದು ಸುತ್ತು ಬಿಚ್ಚಿದರು. ಮಗಳು ಸಹಾಯಕ್ಕೆ ಕೈ ಚಾಚಿದಾಗ ‘ಬ್ಯಾಡ’ ಎಂದು, ಮಫ್ಲರನ್ನು ತಾವೇ ತೊಡೆಯ ಮೇಲೆ ಮಡಿಸಿ ಇಟ್ಟುಕೊಂಡರು.